ಅತ್ತೆಗೆ ಮೊದಲ ದರ್ಜೆಯ ಮಖಮಲ್ಲು

ನೆಟ್ಟಾ: ಹಾಗಾದ್ರೆ ಸತ್ತು ನಾಲ್ಕು ವರ್ಷ ಆದ್ಮೇಲೆ ಪಿಟೀಲು ಬಾರಿಸಿದ್ದು ಯಾರು? ಮೊದಲು ಅದನ್ನ ಹೇಳು.

ವಾಟಿ: ಬೇರೆ ಯಾರೋ ಎಬೆನೀಜರ್ ಇರ್ಬೇಕು ಕಣೇ.

ನೆಟ್ಟಾ: ಅದೇ ಓಣಿ, ಅದೇ ಮಗ್ಗ, ಅದೇ ಕುಂಟು ಕಾಲು! ಚರ್ಚಿನ ತಪ್ಪು-ದಂಡದ ಪುಸ್ತಕದಲ್ಲಿದೆ, ಕೇಳು: "ನೇಕಾರ, ಕುಂಟ ಎಬೆನೀಜರ್ ಕಿನ್ನೆಯರ್‌ನನ್ನು ಭಾನುವಾರ ಪಿಟೀಲು ಬಾರಿಸಿದ್ದಕ್ಕೆ ಚರ್ಚಿನಲ್ಲಿ ಎಲ್ಲರೆದುರು ಪಶ್ಚಾತ್ತಾಪದ ಮಣೆ ಮೇಲೆ ಕೂರಿಸಲಾಯಿತು." ಇದು 1792ರದ್ದು. ನಿನ್ನ ಪ್ರಕಾರ ಅವನು ಮಣ್ಣಿಗೆ ಹೋಗಿದ್ದು 1788ರಲ್ಲಿ.

ವಾಟಿ: ಮೆಲ್ಲಗೆ ಮಾತಾಡು. ಜನ ಕೇಳಿಸ್ಕೋತಾರೆ.

ನೆಟ್ಟಾ: ಯಾವ ಜನ? ಇಲ್ಲಿ ಮಲಗಿರೋರಾ?

ನಮ್ಮ ಪಿಟ್‌ಕೆಲ್ಲಿಯ ಹಳೆಯ ಚರ್ಚಿನ ಹಿತ್ತಲಲ್ಲಿ ಮಲಗಿರುವವರಲ್ಲಿ ಅರ್ಧಕ್ಕರ್ಧ ಜನರ ತಲೆಯ ಮೇಲೆ ಕಲ್ಲಿಲ್ಲ. ಆಗಿನ ಬಡವರಿಗೆ ಕಲ್ಲೆಲ್ಲಿಂದ ಬರಬೇಕು? ಶವಪೆಟ್ಟಿಗೆಯ ಮೇಲೆ ಹೊದಿಸಲು ಚರ್ಚಿನವರು ಬಾಡಿಗೆಗೆ ಕೊಡುತ್ತಿದ್ದ ಮಖಮಲ್ಲೊಂದೇ ಅವರ ಕೊನೆಯ ಸಡಗರ. ಆ ಮಖಮಲ್ಲಿನ ಬಾಡಿಗೆ ಪುಸ್ತಕ ಬಿಟ್ಟರೆ ಯಾರನ್ನು ಎಲ್ಲಿ ಹೂತರು ಎನ್ನುವುದಕ್ಕೆ ಬೇರೆ ದಾಖಲೆಯೂ ಇಲ್ಲ. ನಿವೃತ್ತ ಬಸ್ ಡ್ರೈವರ್ ವಾಟಿ ಕಿನ್ನೆಯರ್ ಇಡೀ ಚಳಿಗಾಲ ಅದರ ನಕಲು ಹಿಡಿದು ಕೂತು, ಮುತ್ತಜ್ಜನ ಮುತ್ತಜ್ಜ ಎಬೆನೀಜರ್‌ನನ್ನು ದಕ್ಷಿಣದ ಗೋಡೆಯ ಪಕ್ಕದಲ್ಲಿ ಪತ್ತೆ ಹಚ್ಚಿದ್ದ. ಈಗ ಅಲ್ಲಿ ಟಾರ್ಪಾಲು ಹೊದ್ದ ಹೊಸ ಕಲ್ಲು ನಿಂತಿದೆ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಬಂದು ಟಾರ್ಪಾಲು ತೆಗೆಯಬೇಕು. ಊರಿಗೆಲ್ಲ ಹೇಳಿಕೆ ಹೋಗಿಯಾಗಿದೆ.

ನೆಟ್ಟಾ: ಕಲ್ಲಿನ ಮೇಲೆ "ಇಲ್ಲಿ ನೆಮ್ಮದಿಯಾಗಿ ಮಲಗಿದ್ದಾನೆ" ಅಂತ ಬೇರೆ ಕೆತ್ತಿಸಿದ್ದೀಯ. ಮಲಗಿರೋನು ಎದ್ದು ಹೋಗಿ ಪಿಟೀಲು ಬಾರಿಸಿ, ಮಣೆ ಮೇಲೆ ಕೂತು ಬಂದಿದ್ದಾನೆ.

ವಾಟಿ: ಪುಸ್ತಕದಲ್ಲಿ ಹೆಸರಿದೆಯಲ್ಲೇ! "ಎಬೆನೀಜರ್ ಕಿನ್ನೆಯರ್, ದಕ್ಷಿಣದ ಗೋಡೆ, ಗೇಟಿನಿಂದ ಮೂರನೇದು, ಮೊದಲ ದರ್ಜೆಯ ಮಖಮಲ್ಲು." ನೋಡು, ಮೊದಲ ದರ್ಜೆ! ಕಿನ್ನೆಯರ್‌ಗಳು ಅಂದ್ರೆ ಸುಮ್ನೇನಾ? ಒಬ್ಬನೇ, ರಾಜನ ಹಾಗೆ. ನಮ್ಮ ಜಾಗದಲ್ಲಿ ಹೊರಗಿನವರು ಮಲಗಿದ್ದೇ ಇಲ್ಲ.

ನೆಟ್ಟಾ: ಹಾಂ, ಬಂತು ನೋಡು! ಅದಕ್ಕೇ ತಾನೆ ನಮ್ಮಮ್ಮನಿಗೆ ಜಾಗ ಇಲ್ಲ ಅಂದಿದ್ದು?

ಇದೇ ಅಸಲಿ ಜಗಳ. ಪಿಟೀಲು ಬರೀ ನೆಪ. ಊರಾಚೆಯ ಹೊಸ ಸ್ಮಶಾನದಲ್ಲಿ ವಾಟಿಗೆ ಒಂದು ಜಾಗವಿದೆ. ಒಬ್ಬರ ಮೇಲೊಬ್ಬರಂತೆ ಮೂವರಿಗೆ ಸಾಕು. ಮೊದಲು ಹೋದವರಿಗೆ ತಳ, ಕೊನೆಗೆ ಬಂದವರಿಗೆ ಮಾಳಿಗೆ. ಗಂಡ ಹೆಂಡತಿ ಇಬ್ಬರಾದರು, ಮೂರನೆಯದು ಅಮ್ಮನಿಗಿರಲಿ ಎಂದು ನೆಟ್ಟಾ ಕ್ರಿಸ್‌ಮಸ್‌ನಿಂದ ಹಟ ಹಿಡಿದಿದ್ದಾಳೆ. ಆ ಅಮ್ಮ, ಎಫಿ ಮುದುಕಿ, ಗೇಟಿನ ಹೊರಗೆ ಕಾರಿನಲ್ಲಿ ಮೊಣಕಾಲ ಮೇಲೆ ಕಂಬಳಿ ಹಾಕಿಕೊಂಡು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾಳೆ. ಕಿವಿ ಮಂದ ಎಂದು ಹೇಳಿಕೊಳ್ಳುತ್ತಾಳೆ. ಕಿಟಕಿಯ ಗಾಜು ಮಾತ್ರ ಪೂರ್ತಿ ಇಳಿದಿದೆ.

ವಾಟಿ: ನಿಮ್ಮಮ್ಮನ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಅತ್ತೆ ಜೊತೆ ಒಂದೇ ಗುಂಡಿಯಲ್ಲಿ ಯಾವ ಕಿನ್ನೆಯರ್ ಮಲಗಿದ್ದಾನೆ ಹೇಳು? ಮನೆತನದ ಪದ್ಧತಿ ಅಂತ ಒಂದಿರ್ತದೆ.

ಎಫಿ (ಕಾರಿನಿಂದಲೇ): ಲೋ ವಾಟಿ, ಸತ್ತವನು ಬಾಡಿಗೆ ಕೊಡ್ತಾನೇನೋ?

ವಾಟಿ: ಏನಂದ್ರಿ ಅತ್ತೆ?

ಎಫಿ: ಅದು ಬಾಡಿಗೆ ಪುಸ್ತಕ ತಾನೆ? ಹೆಸರು ಬರೆಯೋದು ಮಖಮಲ್ಲು ಒಯ್ದವನದು. ಹೆಣದ ಹೆಸರು ಬರ್ಕೊಂಡ್ರೆ ನಾಳೆ ವಾಪಸ್ ಯಾರ ಹತ್ರ ಕೇಳ್ತಾರೆ?

ನೆಟ್ಟಾ ವಾಟಿಯ ಕೈಯಲ್ಲಿದ್ದ ನಕಲನ್ನು ಹತ್ತಿರಕ್ಕೆಳೆದು ನೋಡಿದಳು.

ನೆಟ್ಟಾ: ಹೆಬ್ಬೆರಳು ತೆಗಿ.

ವಾಟಿ: ಯಾಕೆ? ಅಲ್ಲೇನೂ ಇಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಏನೂ ಇಲ್ಲದ ಜಾಗದ ಮೇಲೆ ಆ ಹೆಬ್ಬೆರಳು ಇನ್ನಷ್ಟು ಒತ್ತಿ ಕೂತಿತು. ನೆಟ್ಟಾ ಅದನ್ನು ಹಿಡಿದು ಎತ್ತಿದಳು.

ನೆಟ್ಟಾ (ಓದುತ್ತ): "ಹೆಂಡತಿಯ ತಾಯಿ ಬೆಥಿಯಾಳಿಗಾಗಿ." ವಾಟಿ!

ವಾಟಿ: ಅದು ಮುಂದಿನ ಸಾಲಲ್ಲಿತ್ತು ಕಣೇ! ಬೇರೆ ಯಾರದೋ ಅತ್ತೆ ಅಂದ್ಕೊಂಡೆ.

ನೆಟ್ಟಾ: ಅಂದ್ರೆ ಇಷ್ಟು ದಿನ ನೀನು ಹೂವಿಟ್ಟು, ಟೋಪಿ ತೆಗೆದು, ಕಣ್ಣಲ್ಲಿ ನೀರು ಹಾಕಿದ್ದು ಅವನ ಅತ್ತೆ ಮುಂದೆ!

ಎಫಿ: ಅತ್ತೆಗೆ ಮೊದಲ ದರ್ಜೆ ಮಖಮಲ್ಲು! ಅಳಿಯ ಅಂದ್ರೆ ಅವನು ನೋಡು. ನನಗೆ ಕಾರಿನ ಹಿಂದಿನ ಸೀಟೇ ಗತಿ.

ವಾಟಿ ನಗಲಿಲ್ಲ. ಹೋಗಿ ಗೋಡೆಯ ಮೇಲೆ ಕೂತ. ಆ ದಪ್ಪ ಮನುಷ್ಯ ಕೂತ ರೀತಿ ನೋಡಿ ನೆಟ್ಟಾ ಹತ್ತಿರ ಹೋದಳು.

ವಾಟಿ: ಆಸ್ಪತ್ರೆಯಲ್ಲಿ ಅಪ್ಪ ಕೈ ಹಿಡ್ಕೊಂಡು ಕೇಳಿದ್ದು ಇದೊಂದೇ. "ನಮ್ಮ ಎಬೆನೀಜರ್ ಹೆಸರಿಲ್ಲದೆ ಬಿದ್ದಿದ್ದಾನೆ, ಹುಡುಕೋ" ಅಂತ. ಸಿಕ್ಕಿದ ಅಂತ ಅಪ್ಪನ ಕಲ್ಲಿನ ಹತ್ರ ಹೋಗಿ ಹೇಳಿಯೂ ಬಂದೆ ನೆಟ್ಟಾ. ಈಗ ಏನಂತ ಹೇಳ್ಲಿ?

ನೆಟ್ಟಾ (ಪಕ್ಕದಲ್ಲಿ ಕೂತು): ಸುಮ್ನಿರು. ಹುಡುಕೋಣ. ಇಲ್ಲೇ ಎಲ್ಲೋ ಇರ್ತಾನೆ, ಕುಂಟ ಎಷ್ಟು ದೂರ ಹೋಗ್ತಾನೆ?

ಎಫಿ: ಅವನು ಸತ್ತಾಗ ಮಖಮಲ್ಲು ಒಯ್ದಿದ್ದು ಹೆಂಡತಿ ಇರ್ಬೇಕು. ಅವಳ ಹೆಸರೇನು?

ವಾಟಿ: ಗ್ರಿಜೆಲ್. ಆದ್ರೆ ಈ ಪುಸ್ತಕದಲ್ಲಿ ಗ್ರಿಜೆಲ್ ಕಿನ್ನೆಯರ್ ಅನ್ನೋರು ಯಾರೂ ಇಲ್ಲ ಅತ್ತೆ.

ಎಫಿ: ಹೇಗಿರ್ತಾಳೆ? ನಮ್ಮ ಹೆಂಗಸರು ಚರ್ಚಿನ ಪುಸ್ತಕದಲ್ಲಿ ಯಾವತ್ತಾದ್ರೂ ಗಂಡನ ಹೆಸರು ಹೊತ್ತಿದ್ದುಂಟಾ? ತವರಿನ ಹೆಸರು ನೋಡೋ, ಪೆದ್ದ!

ವಾಟಿ: ಪೀಬಲ್ಸ್! ಗ್ರಿಜೆಲ್ ಪೀಬಲ್ಸ್!

ಇಬ್ಬರೂ ಹಾಳೆ ಮಗುಚತೊಡಗಿದರು. ಗಾಳಿಗೆ ಹಾರಿದ ಎರಡು ಹಾಳೆಗಳ ಹಿಂದೆ ವಾಟಿ ಗೋರಿಗಳನ್ನು ಬಳಸಿಕೊಂಡು ಓಡಿದ. ಹಿಡಿದು ತಂದ ಹಾಳೆಯೊಂದರಲ್ಲೇ ನೆಟ್ಟಾಳ ಬೆರಳು ನಿಂತಿತು.

ನೆಟ್ಟಾ: ಇಲ್ಲಿದೆ! 1801. "ಗ್ರಿಜೆಲ್ ಪೀಬಲ್ಸ್, ಗಂಡ ಎಬೆನೀಜರ್‌ಗಾಗಿ. ಎರಡನೇ ದರ್ಜೆಯ ಮಖಮಲ್ಲು."

ವಾಟಿ: ಎರಡನೇದಾ?

ನೆಟ್ಟಾ: "ದಕ್ಷಿಣದ ಗೋಡೆ, ಗೇಟಿನಿಂದ ಮೂರನೇದು..."

ವಾಟಿ (ನೆಗೆದೆದ್ದು): ಇದೇ ಜಾಗ! ಕಲ್ಲು ಸರಿಯಾಗೇ ಇದೆ! ಅಪ್ಪಾ, ಸಿಕ್ಕಿದ! ನಾನು ಹೇಳಿದ್ದು ಸುಳ್ಳಾಗ್ಲಿಲ್ಲ!

ನೆಟ್ಟಾ: ಇನ್ನೂ ಸ್ವಲ್ಪ ಇದೆ. "...ತಾಯಿ ಬೆಥಿಯಾಳ ಗುಂಡಿಯಲ್ಲೇ, ಅವಳ ಮೇಲೆ."

ಗಾಳಿ ಟಾರ್ಪಾಲನ್ನು ಪಟಪಟ ಬಡಿಯಿತು. ಕಾರಿನೊಳಗಿಂದ ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಬಂತು.

ನೆಟ್ಟಾ: ಏನೋ ಪದ್ಧತಿ ಅಂತಿದ್ದೆ.

ವಾಟಿ ಟಾರ್ಪಾಲಿನ ಹಗ್ಗ ಬಿಗಿಯತೊಡಗಿದ.

ನೆಟ್ಟಾ: ಮನೆತನದ್ದು.

ವಾಟಿ: ಕೇಳಿಸ್ತು ಬಿಡೇ.

ನೆಟ್ಟಾ: ಕಲ್ಲಿನ ಮೇಲೆ ಬೆಥಿಯಾ ಹೆಸರೂ ಬರ್ಬೇಕು. ಅವಳೇನು ಹೆಸರಿಲ್ಲದೆ ಬಿದ್ದಿರ್ಬೇಕಾ? ಜಾಗ ಅವಳದು.

ವಾಟಿ: ಕಲ್ಲುಕುಟಿಗನಿಗೆ ಫೋನ್ ಮಾಡ್ತೀನಿ. ಕೆಳಗೆ ಒಂದು ಸಾಲಿಗೆ ಜಾಗ ಇದೆ. ಹೇಗೂ ಮಲಗಿರೋದೂ ಕೆಳಗೇ.

ನೆಟ್ಟಾ: ಮತ್ತೆ ಆ "ನೆಮ್ಮದಿಯಾಗಿ" ಅನ್ನೋದು? ಅಳಿಸೋಣ್ವಾ?

ವಾಟಿ: ಇರ್ಲಿ. ಇಷ್ಟು ವರ್ಷಕ್ಕೆ ಒಗ್ಗಿರ್ತದೆ.

ವಾಟಿ ಟೋಪಿ ತೆಗೆದು ಕಲ್ಲಿಗೊಮ್ಮೆ ತಲೆಬಾಗಿದ. ಆಮೇಲೆ ಕೋಟು ಕೊಡವಿಕೊಂಡು ನೇರವಾಗಿ ಕಾರಿನ ಹತ್ತಿರ ಬಂದು ಕಿಟಕಿಗೆ ಬಾಗಿದ. ಮುಖ ಕೆಂಪಾಗಿತ್ತು, ಗಾಳಿಗೆ ಅಂತ ಹೇಳಬಹುದು.

ವಾಟಿ: ಅತ್ತೆ, ಒಂದು ಮಾತು. ನೀವಿಲ್ದೇ ಇದ್ರೆ ನಾಳೆ ನಾನು ಊರೆದುರು ಪೆದ್ದ ಆಗ್ತಿದ್ದೆ. ಹೊಸ ಸ್ಮಶಾನದ ನಮ್ಮ ಜಾಗದಲ್ಲಿ... ಮೂರನೇದು ನಿಮಗೇ ಇರ್ಲಿ. ಮನಸಾರೆ ಹೇಳ್ತಿದ್ದೀನಿ.

ನೆಟ್ಟಾಳ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಕೇಳದ ಮಾತು. ಎಫಿ ಮಾತ್ರ ಫ್ಲಾಸ್ಕಿನ ಮುಚ್ಚಳದಲ್ಲಿ ಉಳಿದಿದ್ದ ಚಹಾವನ್ನು ನಿಧಾನವಾಗಿ ಮುಗಿಸಿದಳು.

ಎಫಿ: ನಾನು ಕೆಳಗಾ?

ವಾಟಿ: ಮೊದಲು ಹೋದವರು ಕೆಳಗೆ ಅತ್ತೆ.

ಎಫಿ: ನನ್ನ ಮೇಲೆ ನೀನಾ?

ವಾಟಿ: ಆಮೇಲೆ ನೆಟ್ಟಾ.

ಎಫಿ: ನಿನ್ನ ಗೊರಕೆ ಬಗ್ಗೆ ಮಗಳು ಎಲ್ಲಾ ಹೇಳಿದ್ದಾಳೆ. ಪುನರುತ್ಥಾನದ ದಿನದವರೆಗೂ ಅದನ್ನ ತಲೆ ಮೇಲೆ ಹೊತ್ಕೊಂಡು ಮಲಗೋಕೆ ನನ್ನ ಕೈಲಾಗಲ್ಲಪ್ಪ.

ನೆಟ್ಟಾ: ಅಮ್ಮಾ! ಹಾಗಾದ್ರೆ ಬೇಡ್ವಾ?

ಎಫಿ: ಬೇಡ ಅಂದ್ನಾ? ಮಾಳಿಗೆ ನನಗೆ ಬೇಕು. ವಾಟಿ, ಮೊದಲು ನೀನು ಹೋಗು ಮಗನೇ, ಆಮೇಲೆ ಇವಳು ಬರ್ಲಿ. ನನಗೇನೂ ಅವಸರ ಇಲ್ಲ. ಫ್ಲಾಸ್ಕಿನಲ್ಲಿ ಇನ್ನೂ ಚಹಾ ಇದೆಯಾ ನೋಡು.