ಅರವತ್ತರಿಂದ ಸೊನ್ನೆಗೆ ಒಂದೇ ನೆಗೆತ

ಮಾನ್ಯ ಬ್ಯಾಟರಿ ಸೂಚಕರೇ,

ನಮ್ಮ ಮುಂಬಾಗಿಲಿನ ಸ್ಮಾರ್ಟ್ ಬೀಗದೊಳಗೆ ಕೂತು ನನ್ನ ಫೋನಿನಲ್ಲಿ ಹಸಿರು ಮುಖ ತೋರಿಸುವ ತಮಗೆ ಈ ಮನೆಯ ದರ್ಜಿಯ ಸಾವಿರ ನಮಸ್ಕಾರಗಳು. ಕ್ಷೇಮವೇ ಎಂದು ಮಾತ್ರ ಕೇಳುವುದಿಲ್ಲ. ಕೇಳಿ ಕೇಳಿಯೇ ಈ ಗತಿ ಬಂದಿದೆ.

ಶೇಕಡಾ ಲೆಕ್ಕ ಕಲಿಸುವ ಮೊದಲೇ ಶಾಲೆ ಬಿಟ್ಟವಳು ನಾನು. ತಾವು ಶೇಕಡಾ ಅರವತ್ತು ಅಂದರೆ ಅದು ಪಾಸೋ ಫೇಲೋ ತಿಳಿಯದೆ, ಒಲೆಯ ಮೇಲೆ ಹಾಲಿಟ್ಟವಳ ಹಾಗೆ ತಮ್ಮನ್ನೇ ನೋಡುತ್ತಿದ್ದೆ: ದಾರ ಪೋಣಿಸಿ ಒಮ್ಮೆ, ದಾರ ಕಡಿದು ಒಮ್ಮೆ, ಈಗ ತಾನೇ ನೋಡಿದ್ದು ನಿಜವೇ ಅಂತ ಮತ್ತೊಮ್ಮೆ. "ಕೂಸಿನ ಜ್ವರ ನೋಡಿದ ಹಾಗೆ ನೋಡ್ತೀಯಲ್ಲೇ, ಅದಕ್ಕೂ ಒಂದು ಕುಲಾವಿ ಹೊಲಿದು ಹಾಕು" ಎಂದು ನಮ್ಮವರು ನಕ್ಕರು.

ಮೊನ್ನೆ ಶಾಲೆಯ ನಾಟಕ. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ; ರಾಜನಿಂದ ನರಿಯವರೆಗೆ ಎಲ್ಲರ ಉಡುಪುಗಳೂ ಕಿಟಕಿಯ ಪಕ್ಕದ ಹಗ್ಗದಲ್ಲಿ ಇಸ್ತ್ರಿಯಾಗಿ ತೂಗುತ್ತಿದ್ದವು. ಇದು ಕೆಟ್ಟರೆ ಶಾಲೆಯವರು ಇನ್ನು ನನ್ನ ಮುಖ ನೋಡುವುದಿಲ್ಲವೆಂಬ ಅಳುಕಿಗೆ, ಎಲ್ಲಾದರೂ ಹರಿದರೆ ಇರಲಿ ಎಂದು ಪಿನ್ನು ತರಲು ನಮ್ಮವರ ಜೊತೆ ಅಂಗಡಿಗೆ ಹೋಗಿ, ದಾರಿಯುದ್ದಕ್ಕೂ ತಮ್ಮ ಯೋಗಕ್ಷೇಮ ವಿಚಾರಿಸಿಕೊಂಡು ಮರಳಿದರೆ, ತಾವು ಅರವತ್ತರಿಂದ ನೇರ ಸೊನ್ನೆಗೆ ಹಾರಿ ಕಣ್ಣು ಮುಚ್ಚಿದ್ದಿರಿ! ನಡುವಿನ ಅಷ್ಟೂ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿದ ತಮ್ಮ ಚುರುಕನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಇಂಥ ಹೊತ್ತಿಗೆಂದೇ ಬೀಗದ ಜೊತೆ ಕೊಟ್ಟಿದ್ದ ಕೀಲಿಕೈ, ಕಳೆದುಹೋದೀತೆಂಬ ಹೆದರಿಕೆಯಿಂದ ನಾನೇ ಇಟ್ಟಂತೆ, ಮನೆಯೊಳಗಿನ ಬೀರುವಿನಲ್ಲಿ ಬಲು ಭದ್ರವಾಗಿತ್ತು.

ಅಷ್ಟರಲ್ಲಿ ಉಡುಪು ಒಯ್ಯಲು ಶಾಲೆಯ ಟೀಚರ್ ಬಂದರು. ನಮ್ಮವರು ಪಕ್ಕದ ಮನೆಯ ದೊಡ್ಡಮ್ಮನಿಂದ ಜೇಡರ ಬಲೆ ತೆಗೆಯುವ ಕೋಲು ತಂದು, ತೆರೆದಿದ್ದ ಕಿಟಕಿಯ ಸರಳಿನೊಳಗೆ ತೂರಿಸಿ, ಮೀನು ಹಿಡಿದ ಹಾಗೆ ಒಂದೊಂದೇ ಉಡುಪು ಎಳೆದರು. ರಾಜ ಬಂದ, ಮಂತ್ರಿ ಬಂದ, ನರಿ ಬಾಲಸಮೇತ ಬಂತು. ರಟ್ಟಿನ ಕಿರೀಟ ಮಾತ್ರ ಸರಳಿನ ನಡುವೆ ತೂರಲೇ ಇಲ್ಲ. ನಾನು ಅಳತೊಡಗಿದರೆ, "ಬಿಡಿ ಅಕ್ಕಾ, ಕಿರೀಟ ಇಲ್ದೆ ರಾಜ ಓಡಾಡಬಹುದು, ಅಂಗಿ ಇಲ್ದೆ ಆಗಲ್ಲ" ಎನ್ನುತ್ತಾ ಟೀಚರ್ ಓಡಿದರು.

ಆಮೇಲೆ, ಹೊರಗಿನಿಂದಲೇ ಬ್ಯಾಟರಿ ತಾಗಿಸಿ ಬಾಗಿಲು ತೆಗೆಯುವುದನ್ನು ಫೋನಿನಲ್ಲಿ ಕಲಿಸಿದ ಕಂಪನಿಯ ಸಹಾಯವಾಣಿಯಾಕೆ ಹೇಳಿದ್ದು: "ನೀವು ನೋಡಿದಾಗೆಲ್ಲ ಅದು ಎದ್ದು ಉತ್ತರ ಕೊಡಬೇಕಲ್ವಾ ಮೇಡಂ, ಬ್ಯಾಟರಿ ಅದಕ್ಕೇ ಖಾಲಿ." ಹೇಗಿದ್ದೀರಿ ಎಂದು ಕೇಳಿ ಕೇಳಿ ತಮ್ಮ ಜೀವ ತೆಗೆದವಳು ನಾನೇ ಎಂದಾಯಿತು. ಆದರೂ ಮಹನೀಯರೇ, ಸುಸ್ತಾಗಿದೆ ಅಂತ ಒಂದು ಮಾತು ಹೇಳಬಾರದಿತ್ತೇ?

ಇನ್ನು ಮುಂದೆ ತಾವು ಪ್ರಾಣ ಬಿಡುವುದಕ್ಕೆ ಒಂದು ವಾರ ಮೊದಲೇ ರಜೆಯ ಅರ್ಜಿ ಕೊಡಬೇಕು, ನಾನು ಕೇಳದಿದ್ದರೂ ಬಾಗಿಲಲ್ಲಿ ಒಮ್ಮೆ ಕೆಮ್ಮಬೇಕು, ಶೇಕಡಾ ಬಿಟ್ಟು "ಹೋಗಿ ಬಾ", "ಹೋಗಬೇಡ ಕಣೇ" ಎಂಬ ಎರಡೇ ಮಾತಾಡಬೇಕು ಎಂದು ಕೈಮುಗಿದು ಬೇಡುವ,

ವಿಶ್ವಾಸ ಶೇಕಡಾ ನಾಲ್ಕಕ್ಕೆ ಇಳಿದಿದ್ದರೂ
ತಮ್ಮ ವಿಶ್ವಾಸಿ,
ಮುಂಬಾಗಿಲ ದರ್ಜಿ

ಮರೆತ ಮಾತು: ಕೀಲಿಕೈ ಈಗ ಪಕ್ಕದ ಮನೆಯ ದೊಡ್ಡಮ್ಮನ ಬಳಿ ಇದೆ. ಅವರಿಗೆ ಬ್ಯಾಟರಿ ಬೇಡ. ನಮ್ಮ ಮನೆಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ಕೇಳದೆಯೇ ತಿಳಿಸುತ್ತಾರೆ. ಶಾಲೆಯವರು ಮುಂದಿನ ನಾಟಕವನ್ನೂ ನನಗೇ ಕೊಟ್ಟಿದ್ದಾರೆ. ಹೊಸ ಬ್ಯಾಟರಿ ಹಾಕಿಸಿಕೊಂಡು ತಾವು ನೂರಕ್ಕೆ ನೂರು ಎನ್ನುತ್ತಿರುವುದು ಬಲು ಸಂತೋಷ. ಈ ಸಲದ ಕಿರೀಟವನ್ನು ಮಾತ್ರ ಕಿಟಕಿ ಸರಳಿನ ಅಳತೆ ತೆಗೆದು ಮಾಡಿದ್ದೇನೆ.