ಹಳದಿ ವೈರಿಗೆ ತೂತಿಲ್ಲ

ಅಕ್ಕ: ಏನೋ ಅದು, ಆಗಿಂದ ಟಿವಿ ಹಿಂದೆ ಕೂತಿದ್ದೀಯ? ವೈರು ಸಿಕ್ಕಿಸ್ತಿದ್ದೀಯೋ, ಮೊಟ್ಟೆಗೆ ಕಾವು ಕೊಡ್ತಿದ್ದೀಯೋ?

ತಮ್ಮ: ಸಿಕ್ಕಿಸ್ತಾನೇ ಇದ್ದೀನಕ್ಕ. ಚಿತ್ರ ಬರ್ತಿಲ್ಲ.

ಅಕ್ಕ: ಕರೆಂಟ್ ಹೋದ ವಾರ್ಡಲ್ಲಿ ನರ ಹುಡುಕಿ ಸೂಜಿ ಚುಚ್ಚಿದವಳು ಕಣೋ ನಾನು. ನಿನಗೆ ಹಾಡಹಗಲಲ್ಲಿ ಇಷ್ಟು ದೊಡ್ಡ ತೂತು ಸಿಗ್ತಿಲ್ವಾ?

ಹೆಂಡತಿ: ಅವರಿಗೆಲ್ಲಿ ಸಿಗುತ್ತೆ ಬಿಡಿ ಅತ್ತಿಗೆ. ಅಂಗಿ ಗುಂಡಿಗೆ ತೂತು ಹುಡುಕೋಕೇ ಕನ್ನಡಿ ಬೇಕು.

ಟಿವಿಗೂ ಗೋಡೆಗೂ ನಡುವೆ ಮೊಣಕಾಲು ಮಡಚಿ ಕೂತಿದ್ದ ತಮ್ಮ ವೈರನ್ನು ಇನ್ನೊಮ್ಮೆ ಕಿತ್ತು ಸಿಕ್ಕಿಸಿದ. ನಿಜ ಹೇಳುವಂತಿರಲಿಲ್ಲ. ಅವನದು ಗಡಿಯಾರ ರಿಪೇರಿಯ ಅಂಗಡಿ. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಆ ಕೈಗೆ ಹಳೆಯ ವಿಡಿಯೋ ಗೇಮಿನ ಮೂರು ತಲೆಯ ವೈರು ಯಾವ ಲೆಕ್ಕ? ಬಿಳಿ ಮತ್ತು ಕೆಂಪು ಸದ್ದಿಗೆ, ಹಳದಿ ಚಿತ್ರಕ್ಕೆ. ಈ ಹೊಸ ಟಿವಿಯ ಬೆನ್ನಲ್ಲಿ ಹಳದಿ ತೂತಿಲ್ಲ, ಹಳದಿ ತಲೆಯನ್ನು ಹಸಿರು ತೂತಿಗೆ ಹಾಕಬೇಕು ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಹೆಂಡತಿ ಹೊಲಿಗೆ ಕಲಿಸಲು ಹೋದ ಮೇಲೆ, ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ಅವನು ಹಾಗೆಯೇ ಸಿಕ್ಕಿಸಿ ಆಡುತ್ತಿದ್ದ. ದಿನವಿಡೀ ಊರವರ ಹೊತ್ತನ್ನು ಸರಿಮಾಡುವವನಿಗೆ ಯಾವ ಗಡಿಯಾರಕ್ಕೂ ಸೇರದ ಹೊತ್ತು ಅದೊಂದೇ. ಆಟ ಮುಗಿದರೆ ವೈರು ಸುತ್ತಿ ಅಟ್ಟಕ್ಕೇರಿಸುತ್ತಿದ್ದ. ಯಾರಿಗೂ ಹೇಳಿದವನಲ್ಲ.

ಇವತ್ತು ಅಕ್ಕ ದೊಡ್ಡದೊಂದು ಚೀಲ ಹಿಡಿದೇ ಬಂದಿದ್ದಳು. “ಅಪ್ಪ ನಮ್ಮಿಬ್ಬರಿಗೂ ಅಂತ ತಂದಿದ್ದು. ಇಷ್ಟು ವರ್ಷ ನಿನ್ನ ಮನೇಲಿತ್ತು. ಮೊಮ್ಮಗಳು ರಜೆಗೆ ಬರ್ತಾಳೆ, ನಡೆಯೋ ಹಾಗಿದ್ದರೆ ನಾನು ತಗೊಂಡು ಹೋಗ್ತೀನಿ. ಕೆಟ್ಟಿದ್ದರೆ ನಿನ್ನ ಅಟ್ಟದಲ್ಲೇ ಕೊಳೀಲಿ” ಎಂದು ತೀರ್ಪು ಕೊಟ್ಟಾಗಿತ್ತು. ಹಾಗಾಗಿ ಅದು ನಡೆಯಬಾರದಿತ್ತು. ಹಳದಿ ತಲೆಯನ್ನು ಒಮ್ಮೆ ನೀಲಿ ತೂತಿಗೆ, ಒಮ್ಮೆ ಕೆಂಪಿಗೆ ತುರುಕುತ್ತ ಅವನು ಬೆವರುತ್ತಿದ್ದ.

ಅಷ್ಟರಲ್ಲಿ ಟಿವಿ ಟಿಣಿಟಿಣಿ ಎಂದು ಹಾಡತೊಡಗಿತು. ಅಭ್ಯಾಸದ ಕೈ ಯಜಮಾನನನ್ನು ಕೇಳದೆ ಬಿಳಿಯನ್ನು ಬಿಳಿಗೆ ಹಾಕಿಬಿಟ್ಟಿತ್ತು.

ಅಕ್ಕ: ಹಾಡ್ತಿದೆ ಕಣೋ! ಜೀವ ಇದೆ!

ತಮ್ಮ: ಅದು ಬರೀ ಸದ್ದು ಅಕ್ಕ. ಒಳಗೆಲ್ಲ ಸತ್ತಿದೆ.

ಅಕ್ಕ: ಆಸ್ಪತ್ರೇಲೇ ತಲೆ ನರೆಸಿಕೊಂಡವಳು ನಾನು. ಒಂದು ಹೆಣನೂ ಹಾಡಿದ್ದು ಕೇಳಿಲ್ಲ.

ತಮ್ಮ: ಹೋಗೋ ಮುಂಚೆ ಒಂದ್ಸಲ ಹೀಗೆ ಚೇತರಿಸಿಕೊಂಡ ಹಾಗೆ...

ಅಕ್ಕ: ಅದನ್ನ ನೀನು ನನಗೆ ಕಲಿಸ್ತೀಯಾ? ನಾಡಿ ಇದೆ, ಉಸಿರಿದೆ, ಕಣ್ಣು ಬಿಟ್ಟಿಲ್ಲ ಅಷ್ಟೆ. ಹಳದಿನ ಎಲ್ಲಿ ಹಾಕಿದ್ದೀಯ?

ತಮ್ಮ: ಕೆಂಪಿಗೆ.

ಅಕ್ಕ: ಹಳದಿನ ಕೆಂಪಿಗಾ?

ತಮ್ಮ: ಹಳದಿ ತೂತೇ ಇಲ್ವಲ್ಲಕ್ಕ, ನಾನೇನು ಕೊರೀಲಾ?

ಹೆಂಡತಿ: ಇವರಿಗೆ ಬಣ್ಣ ಎಲ್ಲಿ ಗೊತ್ತಾಗುತ್ತೆ? ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ನೀಲಿ ಕಾಲುಚೀಲ ಹಾಕ್ಕೊಂಡು ನೆಂಟರ ಮನೆಗೆ ಹೋಗಿ ಬಂದವರು.

ತಮ್ಮ: ಅವತ್ತು ಹೊರಡೋವಾಗ ಕರೆಂಟ್ ಇರಲಿಲ್ಲ ಕಣೇ!

ಹೆಂಡತಿ: ನೆಂಟರ ಮನೇಲಿ ಇತ್ತಲ್ಲ.

ಅಕ್ಕ ಕತ್ತು ಚಾಚಿ ಟಿವಿಯ ಹಿಂದೆ ಇಣುಕಿದಳು.

ಅಕ್ಕ: ಅಗೋ, ಹಸಿರು ಖಾಲಿ ಇದೆ. ಅದಕ್ಕೆ ಹಾಕು.

ಅವನು ಹಸಿರು ತೂತನ್ನು ಅಂಗೈಯಿಂದ ಮುಚ್ಚಿದ.

ತಮ್ಮ: ಹಸಿರಿಗಾ? ಟಿವಿ ಸುಟ್ಟುಹೋಗುತ್ತೆ!

ಅಕ್ಕ: ಹಾಗಂತ ಯಾರು ಹೇಳಿದ್ದು?

ಹೆಂಡತಿ: ಹೌದು ಅತ್ತಿಗೆ. ಪಕ್ಕದ ಮನೆಯವರು ಹಾಗೇ ಹಾಕಿದ್ರು. ಬುಸ್ಸಂತ ಹೊಗೆ!

ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಪಕ್ಕದ ಮನೆಯಲ್ಲಿ ಟಿವಿಯೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳುವ ಇವಳ ಚಾಳಿಯೂ ಒಂದು ದಿನ ಉಪಕಾರಕ್ಕೆ ಬಂತಲ್ಲ ಎಂದುಕೊಂಡ.

ಅಕ್ಕ: ನಿನ್ನ ಕೈಲಿ ಆಗಲ್ಲ. ನಿಮ್ಮ ಭಾವನಿಗೆ ಫೋನ್ ಮಾಡ್ತೀನಿ.

ತಮ್ಮ: ಭಾವನಿಗಾ? ಟಾರ್ಚಿಗೆ ಸೆಲ್ ತಿರುಗಾಮುರುಗಾ ಹಾಕಿ, ಟಾರ್ಚೇ ಕೆಟ್ಟಿದೆ ಅಂತ ಅಂಗಡಿಯವನ ಮೇಲೆ ಹಾರಾಡಿದವರನ್ನ ಕರೆಸ್ತೀಯಾ?

ಅಕ್ಕ: ಅವರಿಗೆ ಹಾರಾಡೋಕಾದರೂ ಬರುತ್ತೆ. ನಿನಗೆ ಅದೂ ಇಲ್ಲ.

ಹೆಂಡತಿ: ಇವರ ಕೈಗೆ ಗಡಿಯಾರ ಕೊಡೋರಿಗೆ ಬುದ್ಧಿ ಇಲ್ಲ ಅತ್ತಿಗೆ. ಕೆಟ್ಟಿದೆ ಅಂದಮೇಲೆ ಕೆಟ್ಟಿದೆ. ಬನ್ನಿ, ಊಟಕ್ಕೆ ಬಡಿಸ್ತೀನಿ.

ಬೈಗುಳ ಅವನಿಗೆ ಹೊಸದಲ್ಲ. ಒಂದು ಕಿವಿಯಿಂದ ಬಂದದ್ದು ಇನ್ನೊಂದರಿಂದ ಹೋಗಲು ದಾರಿ ಸವೆದು ನುಣುಪಾಗಿತ್ತು. ಇನ್ನೇನು ಅಕ್ಕ ಊಟಕ್ಕೆ ಏಳುತ್ತಾಳೆ, ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವಳು ಬಂದು ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ದನಿ ಮೆತ್ತಗಾಗಿತ್ತು.

ಅಕ್ಕ: ಕೈ ಕೊಡು ಇಲ್ಲಿ.

ತಮ್ಮ: ಯಾಕಕ್ಕ?

ಅಕ್ಕ: ನಡುಗ್ತಿದೆ.

ತಮ್ಮ: ಇಲ್ವಲ್ಲ!

ಅಕ್ಕ: ಇಂಥ ಕೈಗಳನ್ನ ನಾನೆಷ್ಟು ಹಿಡಿದಿಲ್ಲ? ಅಯ್ಯೋ, ಗೊತ್ತಿಲ್ಲದೆ ಬೈದೆ. ಗುರಿ ಸಿಗ್ತಿಲ್ಲ ನಿನಗೆ, ಪಾಪ.

ತಮ್ಮ: ನನ್ನ ಕೈ ಸರಿಯಾಗಿದೆ ಅಕ್ಕ.

ಅಕ್ಕ: ಮೊದಮೊದಲು ಎಲ್ಲರೂ ಹಾಗೇ ಅನ್ನೋದು. ಅಂಗಡಿ ಮುಚ್ಚಿಬಿಡು ಕಣೋ. ಅಮ್ಮನ ಗಡಿಯಾರ ನಿನ್ನ ಹತ್ರ ಇದೆಯಲ್ಲ, ಅದನ್ನೂ ಕೊಡು, ಬೇರೆ ಯಾರಿಗಾದರೂ ತೋರಿಸ್ತೀನಿ. ಬೇಜಾರು ಮಾಡ್ಕೋಬೇಡ.

ಹೆಂಡತಿ (ಗಾಬರಿಯಿಂದ): ಅತ್ತಿಗೆ, ಕೈಯೆಲ್ಲ ಸರಿಯಾಗೇ ಇದೆ, ಸರಿ ಇಲ್ಲದ್ದು ತಲೆ! ರೀ, ನೀವು ಸುಮ್ಮನಿರಿ. ರೀ!

ದಡ್ಡ ಎಂದದ್ದನ್ನೆಲ್ಲ ಅವನು ನುಂಗಿದ್ದ. ಈ ‘ಪಾಪ’ ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಅಕ್ಕನ ಹಿಡಿತದಿಂದ ಕೈ ಕಿತ್ತುಕೊಂಡು ಎದ್ದು ನಿಂತ.

ತಮ್ಮ: ನಡುಗೋ ಕೈನಾ ಇದು? ನೋಡು! ಕಣ್ಣು ಮುಚ್ಕೊಂಡು ಹಾಕ್ತೀನಿ. ಎಡಗೈಲಿ ಹಾಕ್ತೀನಿ. ಬಿಳಿ ಇಲ್ಲಿಗೆ, ಕೆಂಪು ಇಲ್ಲಿಗೆ, ಹಳದಿ ಹಸಿರಿಗೆ!

ಪರದೆ ಬೆಳಗಿತು. ಕಪ್ಪು ಆಕಾಶ, ತುಂಬ ಚುಕ್ಕಿಗಳು, ನಡುವೆ ಬೆರಳುಗುರಿನಷ್ಟು ಒಂದು ಹಡಗು. ಮೂವರೂ ಅದನ್ನೇ ನೋಡುತ್ತ ನಿಂತರು.

ಅಕ್ಕ: ಹೊಗೆ ಬರಲಿಲ್ಲ.

ತಮ್ಮ: ಬರಲ್ಲ.

ಅಕ್ಕ: ಕೈನೂ ನಡುಗಲಿಲ್ಲ.

ತಮ್ಮ (ಎದೆಯುಬ್ಬಿಸಿ): ಹೇಗೆ ನಡುಗುತ್ತೆ?

ಅಕ್ಕ: ತುಂಬಾ ಸಂತೋಷ ಕಣೋ. ಈಗ ಬಿಚ್ಚು. ಚೀಲಕ್ಕೆ ಹಾಕು.

ಉಬ್ಬಿದ ಎದೆ ಹೇಗೆ ಇಳಿಯಿತೆಂಬುದು ಅವನಿಗೇ ತಿಳಿಯಲಿಲ್ಲ. ತನ್ನ ಕೈಯಾರೆ ವೈರು ಸುತ್ತಿ, ಚೀಲ ಹೊತ್ತು ಮೆಟ್ಟಿಲಿಳಿದು, ಅಕ್ಕನನ್ನು ಆಟೋ ಹತ್ತಿಸಿ ಬಂದ. ಹೆಂಡತಿ ಬಾಗಿಲಿಗೊರಗಿ ನಿಂತಿದ್ದಳು.

ಹೆಂಡತಿ: ನಾಳೆ ಬೆಳಿಗ್ಗೆ ನಾನು ಹೋದಮೇಲೆ ಏನು ಮಾಡ್ತೀರಿ?

ತಮ್ಮ: ನಿನಗೆ ಗೊತ್ತಿತ್ತಾ?

ಹೆಂಡತಿ: ಅಟ್ಟದ ಮೇಲಿರೋ ಎಲ್ಲದಕ್ಕೂ ಬೆರಳುದ್ದ ಧೂಳು. ಅದೊಂದು ಮಾತ್ರ ಫಳಫಳ ಅಂತಿತ್ತು.

ತಮ್ಮ: ಮತ್ತೆ ಅವಳ ಮುಂದೆ ಅಷ್ಟೊಂದು ಬೈದೆಯಲ್ಲೇ!

ಹೆಂಡತಿ: ಬೈಯದೆ ಇನ್ನೇನು? ನೀವು ದಡ್ಡರು ಅಂತ ಅತ್ತಿಗೆ ನಂಬಬೇಕಿತ್ತಲ್ಲ. ನನ್ನ ಮುಂದೆ ಇಷ್ಟು ವರ್ಷ ಒಂದು ಚೂರೂ ಕಷ್ಟಪಡದೆ ದಡ್ಡರಾಗಿದ್ದೀರಿ. ಅಕ್ಕನ ಮುಂದೆ ಇನ್ನೊಂದು ಘಳಿಗೆ ಇರೋಕೆ ಆಗಲಿಲ್ವಾ?