ಸಿಡಿಲಣ್ಣನ ಕಿಡಿ ಕಸಿದುಕೊಂಡ ಮೇಷ್ಟ್ರಿಗೆ

ಪಿ.ಜೆ. ಬಡಾವಣೆ, ದಾವಣಗೆರೆ
ಜುಲೈ ೧೯೬೪

ಹರಿಹರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಬೋಧಿಸುತ್ತ, ಬಿಡುವಿನಲ್ಲಿ ನಮ್ಮ ವಾರಪತ್ರಿಕೆಯ ಕಥೆಗಳನ್ನು ಕೆಂಪು ಶಾಯಿಯಲ್ಲಿ ಮೀಯಿಸುತ್ತಿರುವ ಶ್ರೀ ವಾಮದೇವಪ್ಪನವರ ಸಮ್ಮುಖಕ್ಕೆ, ಅದೇ ಪತ್ರಿಕೆಗೆ ‘ಸಿಡಿಲಣ್ಣ’ ಎಂಬ ಧಾರಾವಾಹಿ ಬರೆಯುತ್ತಿರುವ ಕಸ್ತೂರಮ್ಮನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿಯೇ ಇರುತ್ತೀರೆಂದು ನಂಬಿದ್ದೇನೆ. ಅಪಾಯವನ್ನು ಅಷ್ಟು ದೂರದಿಂದಲೇ ಗುರುತಿಸಬಲ್ಲವರಿಗೆ ಅಕ್ಷೇಮ ಹೇಗೆ ತಾನೇ ಬಂದೀತು! ಈ ಪತ್ರವನ್ನು ಎಲ್ಲರೂ ಓದುವಂತೆ ಪತ್ರಿಕೆಯಲ್ಲಿಯೇ ಅಚ್ಚು ಮಾಡಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ನಾಯಕನ ಮಾನ ಹೋದದ್ದೂ ಅಲ್ಲಿಯೇ.

ಕಳೆದ ವರ್ಷ ನಾನು ಸಿಡಿಲಣ್ಣನನ್ನು ಸೃಷ್ಟಿಸಿದಾಗ ಅವನು ದಾವಣಗೆರೆಯ ಹತ್ತಿ ಗಿರಣಿಯೊಂದರ ಕೆಲಸಗಾರ, ಸಿಡಿಲು ಬಡಿದೂ ಬದುಕಿದವನು, ಬೆರಳು ಚಾಚಿದರೆ ಮಿಂಚು ಹಾರಿಸುವವನು. ಸಂಪಾದಕರು ಮೊದಲ ಕಂತು ಓದಿ, “ಚಲೋ ಐತ್ರಿ, ಆದ್ರ ಈಗಿನ ಓದುಗರು ಭಾಳ ಶ್ಯಾಣೇರು. ಶಕ್ತಿ ವಿಜ್ಞಾನಕ್ಕೆ ಒಪ್ಪಂಗಿರಬೇಕು. ಹರಿಹರದ ಮೇಷ್ಟ್ರಿಗೆ ಒಮ್ಮೆ ತೋರಿಸ್ರಿ” ಎಂದರು. ಒಮ್ಮೆ ಎಂದರೆ ಪ್ರತಿ ವಾರ ಎಂದು ನನಗೆ ಆಗ ತಿಳಿದಿರಲಿಲ್ಲ.

ತಾವು ಮೊದಲು ಕೇಳಿದ್ದು, ಮಿಂಚಿಗೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ ಎಂದು. ದಿನವಿಡೀ ರೊಟ್ಟಿ ತಿಂದರೂ ಮನುಷ್ಯನ ಮೈಯಲ್ಲಿ ಹುಟ್ಟುವುದು ನೂರು ವ್ಯಾಟಿನ ಬಲ್ಬಿಗೆ ಸಾಲುವಷ್ಟು, ಅದೂ ಬಹುತೇಕ ಬಿಸಿಯಾಗಿ ಹೋಗುತ್ತದೆ ಎಂದು ಅಂಚಿನಲ್ಲಿ ಬರೆದಿರಿ. ಅಂದು ನನ್ನ ಯಜಮಾನರು ಊಟಕ್ಕೆ ಕುಳಿತಾಗ ಅವರನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಆಮೇಲೆ ನಾನು, ಶತ್ರುವಿಗೆ ಶಾಕ್ ಕೊಡುವ ಮೀನುಗಳಿವೆಯಂತೆ, ಸಿಡಿಲಣ್ಣನಿಗೂ ಅಂಥದೊಂದು ಅಂಗವಿರಲಿ ಎಂದು ವಿನಂತಿಸಿದೆ. ಅಂಥ ಮೀನಿನ ಮೈಯ ಬಹುಭಾಗ ಬಾಲವೇ ಆಗಿರುತ್ತದೆ, ನಾಯಕನಿಗೂ ಹಾಗೆಯೇ ಆಗಬೇಕಾದೀತು ಎಂದು ತಾವು ಸೌಜನ್ಯದಿಂದ ತಿಳಿಸಿದಿರಿ. ನಾಯಕಿ ಮರುಳಸಿದ್ದಮ್ಮನ ಮುಖ ನೆನೆದು ನಾನು ಹಿಂದೆ ಸರಿದೆ.

ಕೊನೆಗೆ ಅನುಮತಿ ಸಿಕ್ಕಿದ್ದು ಒಂದಕ್ಕೇ. ಗಿರಣಿಯ ಯಂತ್ರದ ಬೆಲ್ಟು ತಿರುಗುವಾಗ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತು, ರಬ್ಬರಿನ ಮೆಟ್ಟು ತೊಟ್ಟ ಸಿಡಿಲಣ್ಣನ ಮೈಯಲ್ಲಿ ಕೂಡಿಕೊಂಡು, ಬೆರಳ ತುದಿಯಿಂದ ಒಂದು ಕಿಡಿಯಾಗಿ ಹಾರಬಹುದು. ನಾನು ಹಿಗ್ಗಿದೆ. ಅದರ ಕೆಳಗೆ ತಾವು ಬರೆದ ಸಾಲುಗಳನ್ನು ಆಮೇಲೆ ಓದಿದೆ: ಕಿಡಿಯಿಂದ ಯಾರೂ ಸಾಯುವುದಿಲ್ಲ, ಉಶ್ ಎನ್ನುತ್ತಾರೆ ಅಷ್ಟೆ; ಗಾಳಿ ಒಣಗಿರಬೇಕು, ತೇವವಿದ್ದರೆ ಎಲ್ಲ ಸೋರಿಹೋಗುತ್ತದೆ. ಹೀಗಾಗಿ ನನ್ನ ಮಹಾವೀರ ಬೇಸಿಗೆಯಲ್ಲಿ ಮಾತ್ರ ವೀರ, ಅದೂ ಬೆವರುವ ತನಕ. ಖಳನಾಯಕನಾದರೋ ಹರಿಹರದಲ್ಲಿ ಹೊಳೆಯ ದಂಡೆಗೇ ಮನೆ ಮಾಡಿಕೊಂಡು ಸುಖವಾಗಿದ್ದಾನೆ. ತುಂಗಭದ್ರೆಯನ್ನು ಧಾರಾವಾಹಿ ಮುಗಿಯುವವರೆಗಾದರೂ ತುಸು ಆಚೆಗೆ ಹರಿಯಲು ತಾವು ಒಪ್ಪಿಸಿಕೊಡಬೇಕೆಂದು ಹಿಂದೆಯೂ ಬೇಡಿದ್ದೆ, ಉತ್ತರ ಬಂದಿಲ್ಲ.

ಇಷ್ಟನ್ನೂ ಸಹಿಸಿದ್ದೆ. ಮೇ ತಿಂಗಳ ಒಂದು ಕಂತಿನಲ್ಲಿ ತಾವು ಮಾಡಿದ್ದನ್ನು ಮಾತ್ರ ಸಹಿಸಲಾಗಲಿಲ್ಲ. ಕಡಿದುಬಿದ್ದ ಕರೆಂಟಿನ ತಂತಿಗೆ ಸಿಕ್ಕ ಮರುಳಸಿದ್ದಮ್ಮನನ್ನು ಉಳಿಸಲು ಸಿಡಿಲಣ್ಣ ತಂತಿಯನ್ನು ಬರಿಗೈಯಲ್ಲಿ ಹಿಡಿದು ವಿದ್ಯುತ್ತನ್ನೆಲ್ಲ ಹೀರಿಕೊಳ್ಳುತ್ತಾನೆಂದು ನಾನು ಬರೆದಿದ್ದೆ. ನನ್ನ ಬಾಳಿನಲ್ಲಿ ಅಷ್ಟು ಚೆಂದದ ಪುಟ ಬರೆದದ್ದಿಲ್ಲ. ತಾವು ಅದನ್ನು ಪೂರ್ತಿ ಹೊಡೆದು, ಒಣ ಮರದ ಮಣೆಯ ಮೇಲೆ ನಿಂತು, ಅವಳನ್ನು ಮುಟ್ಟದೆ, ಒಣ ಕೋಲಿನಿಂದ ಬಿಡಿಸಬೇಕೆಂದು ಹಟ ಹಿಡಿದಿರಿ. ಮಣೆ! ಸಿಡಿಲು ಬಡಿದೂ ಬದುಕಿದವನು ಊಟದ ಮಣೆಯ ಮೇಲೆ ನಿಂತ!

ನಮ್ಮ ಹಿತ್ತಲ ಗೋಡೆಯಾಚೆಯ ಓಣಿಯಲ್ಲಿರುವ, ಸೊಪ್ಪು ಮಾರುವ ಅಂಜಿನವ್ವ ಪ್ರತಿ ಶುಕ್ರವಾರ ನಮ್ಮ ಜಗುಲಿಗೆ ಬಂದು ನನ್ನಿಂದ ಕಂತು ಓದಿಸಿಕೊಂಡು ಕೇಳುತ್ತಾಳೆ. ಅಂದು ಆಕೆ, “ಇದೇನ್ರಿ ಅಮ್ಮಾರೆ, ಮಣೆ ಹಾಕ್ಕೊಂಡು ನಿಂತಾನ?” ಎಂದು ನಕ್ಕಳು. “ಹರಿಹರದ ಮೇಷ್ಟ್ರು ಹಾಕಿಸಿದ ಮಣೆ ಕಣೇ” ಎಂದು ನಾನು ತಮ್ಮ ಹೆಸರನ್ನು ಯಥೋಚಿತ ವಿಶೇಷಣಗಳೊಂದಿಗೆ ಹೇಳಿದೆ.

ಜೂನ್ ತಿಂಗಳ ಒಂದು ಸಂಜೆ, ಮಳೆಗೆ ಮುಂಚಿನ ಗಾಳಿಗೆ ಆ ಓಣಿಯ ತಂತಿ ಕಡಿದು, ಅಂಜಿನವ್ವನ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ಸರಿಗೆಯ ಮೇಲೆ ಬಿತ್ತು. ಅದನ್ನು ಕಾಣದೆ ಪಂಚೆ ತೆಗೆಯಲು ಹೋದ ಅವಳ ಗಂಡ ಪಾಲಯ್ಯನ ಕೈ ಸರಿಗೆಗೆ ಬಿಗಿದುಕೊಂಡಿತು. ಚೀರಲೂ ಆಗದೆ ಅವನು ಅದುರುತ್ತಿದ್ದನಂತೆ. ಮೈದುನ ಕೆಂಚಣ್ಣ ಅಣ್ಣನನ್ನು ಎಳೆಯಲು ಓಡಿದ. ನಮ್ಮ ಹಿತ್ತಲಲ್ಲಿದ್ದ ನನಗೆ ಅಂಜಿನವ್ವನ ಕೂಗು ಕೇಳಿಸಿತು:

“ಏ ಕೆಂಚಣ್ಣ, ಮುಟ್ಟಬ್ಯಾಡ! ಮುಟ್ಟಿದ್ರ ನೀನೂ ಹೋಗ್ತಿ! ಸಿಡಿಲಣ್ಣನೇ ಮುಟ್ಟಲಿಲ್ಲ!”

ನಾನು ಗೋಡೆಯ ಬಳಿಗೆ ಓಡಿ ಇಣುಕುವಷ್ಟರಲ್ಲಿ ಆಕೆ ಮಣೆ ಎಸೆದು, ಅದರ ಮೇಲೆ ನಿಂತು, ಒಣಗಿದ ಒನಕೆಯಿಂದ ಗಂಡನ ಮುಂಗೈಗೆ ಬಾರಿಸಿದ್ದಳು. ಪಾಲಯ್ಯ ಅತ್ತ ಬಿದ್ದ. ಆಮೇಲೆ ಅವನು ಕೆಮ್ಮಿ, “ಯಾಕ ಹೊಡದಿಯೇ?” ಎಂದ. ಅಂಜಿನವ್ವ ಮಣೆಯ ಮೇಲೇ ಕುಸಿದು ಕುಳಿತು ಅತ್ತಳು. ಗೋಡೆಯ ಈಚೆ ಇನ್ನೊಬ್ಬರೂ ಅತ್ತರು. ಅದು ಇಲ್ಲಿ ಅಪ್ರಸ್ತುತ.

ನನ್ನ ದೂರು ಈಗ ಶುರು. ವಾರದ ಮೇಲೆ ಗಂಡಹೆಂಡಿರು ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಬಂದರು. ನಾನು ಸೆರಗು ಸರಿಮಾಡಿಕೊಂಡು, ಕೃತಜ್ಞತೆ ಸ್ವೀಕರಿಸುವ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕುಳಿತೆ. ಕೈಗೆ ಪಟ್ಟಿ ಕಟ್ಟಿದ್ದ ಪಾಲಯ್ಯ ಕೇಳಿದ: “ಅಮ್ಮಾರೆ, ಹರಿಹರದಾಗ ಮೇಷ್ಟ್ರ ಮನಿಗೆ ಬಸ್ಸಿಳಿದು ಹೆಂಗೆ ಹೋಗ್ಬೇಕ್ರಿ?” ನಾನೇ ದಾರಿ ಹೇಳಿದೆ. ಹೊರಡುವಾಗ ಅಂಜಿನವ್ವನಿಗೆ ಏನನ್ನಿಸಿತೋ, “ಓದಿ ಹೇಳಿದ್ದಕ್ಕ ನಿಮಗೂ ಇರ್ಲಿ” ಎಂದು ಎರಡು ಹಣ್ಣು ಮುರಿದು ಕೊಟ್ಟಳು. ಆ ಗೊನೆಯ ಉಳಿದ ಹಣ್ಣುಗಳು ತಮಗೆ ರುಚಿಸಿದವೆಂದು ಭಾವಿಸುತ್ತೇನೆ.

ನಾನು ಬರೆದಂತೆಯೇ ಆ ಪುಟ ಅಚ್ಚಾಗಿದ್ದರೆ ಅಂಜಿನವ್ವ ಅಂದು ಏನು ಮಾಡುತ್ತಿದ್ದಳೆಂದು ಯೋಚಿಸುವುದನ್ನು ಬಿಟ್ಟಿದ್ದೇನೆ. ಯೋಚಿಸಿದ ದಿನ ಅನ್ನ ಸೇರಲಿಲ್ಲ. ಅದರ ಹೊಣೆಯೂ ತಮ್ಮದೇ.

ಆದ್ದರಿಂದ ನನ್ನ ಬೇಡಿಕೆ ಈಗ ಒಂದೇ. ಕೊನೆಯ ಕಂತಿನಲ್ಲಿ ಖಳನಾಯಕನನ್ನು ಪೊಲೀಸರೇ ಹಿಡಿಯಲಿ, ಅಡ್ಡಿಯಿಲ್ಲ. ಸಿಡಿಲಣ್ಣ ಗಿರಣಿಯಿಂದ ಮನೆಗೆ ಬಂದಾಗ, ಒಣಗಾಳಿಯ ಮಾರ್ಚ್ ತಿಂಗಳಲ್ಲಿ, ಮರುಳಸಿದ್ದಮ್ಮ ಚಹಾದ ಹಿತ್ತಾಳೆ ಲೋಟ ಚಾಚಲಿ. ಇಬ್ಬರ ಬೆರಳಿನ ನಡುವೆ ಒಂದು ಕಿಡಿ ಚಟ್ ಎನ್ನಲಿ. ಅವಳು ಉಶ್ ಎಂದು ನಗಲಿ. ಇದಕ್ಕೆ ತಮ್ಮ ಶಾಸ್ತ್ರದ ಒಪ್ಪಿಗೆಯಿದೆಯೆಂದು ಲೆಕ್ಕ ಹಾಕಿ ನೋಡಿದ್ದೇನೆ. ಅಷ್ಟನ್ನು ಮಾತ್ರ ಹೊಡೆಯಬೇಡಿ.

ಇಷ್ಟೆಲ್ಲ ಆದ ಮೇಲೆ ವಿಧಿಯಿಲ್ಲದೆ,
ತಮ್ಮ ವಿಶ್ವಾಸಿ,
ಕಸ್ತೂರಮ್ಮ

ಮರೆತಿದ್ದು: ಸಂಪಾದಕರು ಇನ್ನು ದೆವ್ವದ ಕಥೆ ಬರೆಯಿರಿ ಎಂದಿದ್ದಾರೆ. ದೆವ್ವಕ್ಕೆ ತೂಕವಿಲ್ಲದಿದ್ದರೆ ಅದು ಮೆಟ್ಟಿಲು ಹತ್ತುವಾಗ ಸದ್ದು ಹೇಗೆ ಬಂತು ಎಂದು ತಾವು ಕೇಳುವುದಾದರೆ, ಅದನ್ನೇ ತಮ್ಮ ಮನೆಗೆ ಕಳಿಸಿಕೊಡುತ್ತೇನೆ. ಎದುರಿಗೇ ಕೂಡಿಸಿ ಕೇಳಿಕೊಳ್ಳತಕ್ಕದ್ದು.